ಅಳತೆ ಕೊಟ್ಟು ಹೋದವರು

ನನ್ನ ತಮ್ಮ ಒಳ್ಳೆಯ ದರ್ಜಿ, ಶುದ್ಧ ಪೆದ್ದ. ಎರಡೂ ಒಂದೇ ತಲೆಯಲ್ಲಿ ಇರಬಹುದು ಎಂಬುದಕ್ಕೆ ನಮ್ಮ ಬೀದಿಯೇ ಸಾಕ್ಷಿ ಎನ್ನಬಹುದಿತ್ತು. ಈಗ ಬೀದಿಯೂ ಇಲ್ಲ, ಬಿಡಿ.

ಹಳೇ ಮೈದಾನದ ಪಕ್ಕದಲ್ಲಿ ಅಪ್ಪ ಬಿಟ್ಟುಹೋದ ಅಂಗಡಿ ನಮ್ಮಿಬ್ಬರದು. ಅವನು ಕತ್ತರಿಸಿ ಹೊಲಿಯುತ್ತಿದ್ದ, ನಾನು ಕಾಜಾ ಹಾಕಿ ಗುಂಡಿ ಹೊಲಿಯುತ್ತಿದ್ದೆ. ಇದೇ ನಮ್ಮ ಅನ್ನ. ಹೀಗಿರುವಾಗ, ಬೇರೆ ಊರಿನ ದೊಡ್ಡ ಫುಟ್‌ಬಾಲ್ ತಂಡವೊಂದನ್ನು ನಮ್ಮೂರಿಗೆ ಕರೆತರುವ ಹುಚ್ಚು ನಗರಸಭೆಗೆ ಹಿಡಿಯಿತು. ಮೈದಾನ ದೊಡ್ಡದಾಗಬೇಕು, ಅದಕ್ಕೆ ನಮ್ಮ ಬೀದಿ ಹೋಗಬೇಕು. ಜಾಗ ಬಿಟ್ಟವರಿಗೆಲ್ಲ ಹೊಸ ಕಟ್ಟಡದ ಮುಂಭಾಗದಲ್ಲೇ ಅಂಗಡಿ ಎಂದು ಅಧ್ಯಕ್ಷರು ಸಭೆಯಲ್ಲಿ ಆಸೆ ತೋರಿಸಿದರು.

ಎದುರಿನ ಔಷಧಿ ಅಂಗಡಿಯವರು ಎದ್ದು ನಿಂತರು. "ಆ ತಂಡದವರಿಗೆ ಬೇಕಿರೋದು ತಮ್ಮೂರಲ್ಲೇ ಹೊಸ ಮೈದಾನ. ಅವರೂರಿನವರು ಜಪ್ಪಯ್ಯ ಅಂದ್ರೂ ಕೊಡ್ತಿಲ್ಲ. ನಮ್ಮನ್ನ ತೋರಿಸಿ ಅವರನ್ನ ಹೆದರಿಸ್ತಾರೆ, ಅಷ್ಟೇ."

ಜನ ಕೂಗಿ ಕೂರಿಸಿದರು. ಕೂಗಿದವರಲ್ಲಿ ನನ್ನ ತಮ್ಮನದೇ ದೊಡ್ಡ ಗಂಟಲು.

ತಂಡದ ಯಜಮಾನರು ಊರು ನೋಡಲು ಬಂದ ದಿನ ನಗರಸಭೆಯವರು ಬಗ್ಗಿದ್ದೇ ಬಗ್ಗಿದ್ದು. ಉಡುಗೊರೆಯಾಗಿ ಕೋಟು ಹೊಲಿಸಿಕೊಡುತ್ತೇವೆಂದು ಅವರನ್ನು ನಮ್ಮ ಅಂಗಡಿಗೇ ಕರೆತಂದರು. ನನ್ನ ತಮ್ಮ ಅವರ ಭುಜ, ಎದೆ, ತೋಳು ಅಳೆದ. "ಕಂಕುಳಲ್ಲಿ ಸ್ವಲ್ಪ ಸಡಿಲ ಇರಲಿ," ಎಂದರು ಯಜಮಾನರು.

ನನ್ನ ತಮ್ಮನಿಗೆ ಅಷ್ಟೇ ಸಾಕಾಯಿತು.

"ಅಕ್ಕಾ, ಅಳತೆ ಕೊಟ್ಟವರು ಬಂದೇ ಬರ್ತಾರೆ. ಅಪ್ಪನ ಕಾಲದಿಂದ ಒಬ್ಬರಾದ್ರೂ ಬಟ್ಟೆ ಬಿಟ್ಟು ಹೋಗಿದ್ದಾರಾ, ಹೇಳು."

ಯಾರೂ ಹೋಗಿರಲಿಲ್ಲ. ನಾನೂ ದರ್ಜಿಯ ಮಗಳೇ ತಾನೆ, ಒಪ್ಪಿ ಜಾಗ ಬಿಡುವ ಕಾಗದಕ್ಕೆ ಸಹಿ ಹಾಕಿದೆ. ಅವನು ಕೊರಳಿಗೆ ಟೇಪು ಹಾಕಿಕೊಂಡು ಬೀದಿಯ ಪ್ರತಿ ಬಾಗಿಲಿಗೂ ಹೋಗಿ ಇದೇ ಮಾತು ಹೇಳಿದ. ಕೊನೆಗೆ ಔಷಧಿ ಅಂಗಡಿಯವರೂ ಸೋತರು.

ಯಜಮಾನರಿಗೆ ನಂಬಿಕೆ ಬರಲೆಂದು ನಗರಸಭೆ ಬೀದಿಯನ್ನು ಮೊದಲೇ ನೆಲಸಮ ಮಾಡಿತು. ಅದರ ಫೋಟೊವನ್ನು ಯಜಮಾನರು ತಮ್ಮೂರಿನವರ ಮುಂದೆ ಹಿಡಿದರು. ಆ ಊರಿನವರು ಬೆದರಿ ಹೊಸ ಮೈದಾನ ಕಟ್ಟಿಸಿಕೊಟ್ಟರು, ತಂಡ ಅಲ್ಲೇ ಉಳಿಯಿತು. ನಮ್ಮೂರಿನ ಕಟ್ಟಡ ಏಳಲೇ ಇಲ್ಲ. ನಮಗೆ ಚಿಪ್ಪು.

ನನ್ನ ತಮ್ಮ ಹೊಲಿಗೆ ಯಂತ್ರವನ್ನು ಮನೆಯ ಹಜಾರಕ್ಕೆ ಎಳೆದು ತಂದ. ಅವನ ಮಾತು ಕೇಳಿ ಅಂಗಡಿ ಕಳೆದುಕೊಂಡವರು ನಮ್ಮ ಮನೆಗೆ ಬಟ್ಟೆ ಕೊಡುವರೇ? ದಾರಿಯಲ್ಲಿ ಸಿಕ್ಕಾಗ ಔಷಧಿ ಅಂಗಡಿಯವರು ತಪ್ಪದೆ ಕೇಳುತ್ತಿದ್ದರು: "ಏನಪ್ಪಾ, ನಿನ್ನ ಗಿರಾಕಿ ಬಂದ್ರಾ?" ಹೊಲಿದಿಟ್ಟ ಕೋಟು ಗೋಡೆಗೆ ನೇತಾಡುತ್ತಿತ್ತು. ಅವನು ಅದರ ಧೂಳು ಒರೆಸುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಗಿರಾಕಿ ಬಂದೇಬಿಟ್ಟರು.

"ಹೊಸ ಮೈದಾನದ ಉದ್ಘಾಟನೆ ಇದೆ, ಕೋಟು ನೆನಪಾಯ್ತು," ಎನ್ನುತ್ತ ತೋಳು ತೂರಿಸಿದರು. ಹೇಳಿ ಮಾಡಿಸಿದ ಹಾಗೆ ಕೂತಿತು. ಗುಂಡಿ ಮಾತ್ರ ನಮ್ಮೂರಿನ ಬಾವುಟದ ಬಣ್ಣದವು. "ಇವು ಬೇಡ, ಕಪ್ಪು ಹಾಕಿ," ಎಂದರು. ನಾನೇ ಹೊಲಿದ ಗುಂಡಿಗಳನ್ನು ನಾನೇ ಕತ್ತರಿಸಿ ತೆಗೆದೆ. ನನ್ನ ತಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಮಂಡಿಯೂರಿ ಅಂಚು ಸರಿಮಾಡುತ್ತಿದ್ದ.

"ಎಂಥಾ ಕೈ ರೀ ನಿಮ್ಮದು!" ಯಜಮಾನರು ಹಜಾರವನ್ನೊಮ್ಮೆ ನೋಡಿದರು. "ಹೀಗೆ ಮನೇಲಿ ಕೂತಿದ್ದೀರಲ್ಲ, ಒಂದು ಅಂಗಡಿ ಹಾಕ್ಕೋಬಾರ್ದಾ?"

ಈಗಲಾದರೂ ಉಗಿಯುತ್ತಾನೆಂದು ಕಾದೆ. ಅವನು ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದ. ಮುಖ ಅರಳಿತ್ತು.

"ಪ್ಯಾಂಟಿಗೂ ಅಳತೆ ಕೊಟ್ಟು ಹೋಗಿ ಸಾರ್," ಎಂದ.

ಆ ಗಳಿಗೆಯಲ್ಲಿ ಯಜಮಾನರಿಗಿಂತ ನನ್ನ ಒಡಹುಟ್ಟಿದವನನ್ನು ಕಂಡೇ ನನಗೆ ಹೆಚ್ಚು ಹೇಸಿಗೆಯಾಯಿತು. ಟೇಪು ನನ್ನ ಕೊರಳಲ್ಲಿತ್ತು. ತೆಗೆದು ಕೊಟ್ಟೆ. ನಮಗಿದ್ದದ್ದು ಆ ಒಬ್ಬರೇ ಗಿರಾಕಿ.