ಸ್ವಾಗತ ಬೋನಸ್ ತೀರಿಕೊಂಡ ಸುದ್ದಿ

ಮಾನ್ವಿಯಲ್ಲಿ ಖಲೀಲ್ ಹೇಳುವ ತನಕ ಯಾರೂ ಪೂರ್ತಿ ಸಾಯುತ್ತಿರಲಿಲ್ಲ. ಡಾಕ್ಟರು ನಾಡಿ ಬಿಟ್ಟು ಎದ್ದಿರಬಹುದು, ಮನೆಯವರು ಒಂದು ಸುತ್ತು ಅತ್ತಿರಬಹುದು. ಆದರೆ ಸತ್ತಾರ್ ಸಾಬ್‌ನ ಆಟೊ ತಲೆಯ ಮೇಲೆ ಸ್ಪೀಕರಿನ ಭೋಂಗಾ ಕಟ್ಟಿಕೊಂಡು ಓಣಿಯ ತಿರುವಿನಲ್ಲಿ ಕಾಣಿಸಿ, ಒಳಗಿನಿಂದ ಖಲೀಲ್ "ದುಃಖದಿಂದ ತಿಳಿಸುವುದೇನೆಂದರೆ" ಅಂದಾಗಲೇ ಅಂಗಡಿಗಳ ಷಟರ್ ಅರ್ಧಕ್ಕೆ ಇಳಿಯುತ್ತಿದ್ದವು. ಸೀರೆ ಅಂಗಡಿಯ ರಿಯಾಯಿತಿ, ಪೋಲಿಯೊ ಹನಿ, ನಳದ ನೀರು ಬಂದ್, ಕಳೆದುಹೋದ ಎಮ್ಮೆಗರು, ಎಲ್ಲವನ್ನೂ ಅವನು ಅದೇ ಮೈಕಿನಲ್ಲಿ ಹೇಳುತ್ತಿದ್ದ. ಎಲ್ಲಕ್ಕೂ ಒಂದೇ ದನಿ, ಒಂದೇ ನಿಧಾನ. ಎಮ್ಮೆಗರುವಿನ ಸುದ್ದಿ ಕೇಳಿಯೂ ಒಂದಿಬ್ಬರು ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಅವನದೊಂದು ಪದ್ಧತಿಯಿತ್ತು. ಕಣ್ಣಿಂದ ನೋಡದೆ, ಕೈಯಿಂದ ಮುಟ್ಟದೆ ಯಾವುದನ್ನೂ ಕೂಗುತ್ತಿರಲಿಲ್ಲ. ಎರಡು ಸೀರೆಗೆ ಒಂದು ಉಚಿತ ಅಂದರೆ ಮೊದಲು ಆ ಮೂರನೆಯ ಸೀರೆಯ ಸೆರಗು ಹಿಡಿದು ನೋಡುತ್ತಿದ್ದ. ಸಾವಿನ ಮನೆಗೂ ಹೋಗಿ ಮುಖ ನೋಡಿ ಬರುತ್ತಿದ್ದ. ಇಷ್ಟಾದ ಮೇಲೂ ಅಂಗಡಿಯವನು ಮಾತು ತಪ್ಪಿದರೆ ಜನ ಅಂಗಡಿಯವನ ಜೊತೆ ಜಗಳಕ್ಕೆ ಹೋಗುತ್ತಿರಲಿಲ್ಲ, ಸೀದಾ ಖಲೀಲ್‌ನ ಮನೆಯ ಕಟ್ಟೆಗೆ ಬಂದು ಕೂಡುತ್ತಿದ್ದರು. ಅವನು ಚಪ್ಪಲಿ ಮೆಟ್ಟಿ ಅವರ ಜೊತೆ ನಡೆದು, ಗಲ್ಲಾದ ಮುಂದೆ ನಿಂತು, ಕೂಗಿದ್ದನ್ನೇ ಇನ್ನೊಮ್ಮೆ ಮೈಕಿಲ್ಲದೆ ಹೇಳುತ್ತಿದ್ದ. ಅಷ್ಟಕ್ಕೇ ಕೆಲಸ ಆಗುತ್ತಿತ್ತು.

ಕ್ರಿಕೆಟ್ ಪಂದ್ಯಗಳು ಶುರುವಾಗುವ ಮುಂಚೆ ರಾಯಚೂರಿನಿಂದ ಬಸವಲಿಂಗ ಬಂದ. ಬಿಳಿ ಬೂಟು, ಎರಡು ಫೋನು, ಜಾಹೀರಾತಿನ ದಲಾಲಿ. ಒಂದು ಆನ್‌ಲೈನ್ ರಮ್ಮಿ ಕಂಪನಿಗೆ ಈ ಭಾಗದ ದನಿ ಬೇಕಾಗಿದೆ, ಹೊಸಬರಿಗೆಲ್ಲ ಐದು ಸಾವಿರ ರೂಪಾಯಿ ಸ್ವಾಗತ ಬೋನಸ್ ಕೊಡುತ್ತಾರೆ, ಅದನ್ನಷ್ಟು ಹೇಳಿದರಾಯಿತು ಅಂದ. ಇಸ್ಪೀಟಿನ ಮಾತು ಕೇಳಿ ಖಲೀಲ್‌ನ ಹೆಂಡತಿ ಅಸ್ಮತ್ ಒಳಗೆ ಪಾತ್ರೆಗಳನ್ನು ಜೋರಾಗಿ ಇಡತೊಡಗಿದಳು. ಇದು ಇಸ್ಪೀಟಲ್ಲ, ಬುದ್ಧಿಯ ಆಟ ಎಂದು ಬಸವಲಿಂಗ ಅಡುಗೆಮನೆಯ ಕಡೆ ಮುಖ ಮಾಡಿ ವಿವರಿಸಿದ. ಪಾತ್ರೆಗಳು ಒಪ್ಪಲಿಲ್ಲ. ಖಲೀಲ್ ಮಾತ್ರ ತನ್ನ ಪದ್ಧತಿಯಂತೆ ಅಂಗಡಿ ಎಲ್ಲಿದೆ ಎಂದು ಕೇಳಿದ. ಬಸವಲಿಂಗ ಒಂದು ಫೋನನ್ನು ಅವನ ಅಂಗೈ ಮೇಲಿಟ್ಟ.

"ಇದೇ ಅಂಗಡಿ, ಖಲೀಲ್ ಭಾಯ್. ಮುಟ್ಟಿ ನೋಡ್ರಿ."

ಗಾಜಿನೊಳಗೆ ಹಸಿರು ಬಣ್ಣದಲ್ಲಿ ಐದು ಸಾವಿರ ಮಿನುಗುತ್ತಿತ್ತು. ಖಲೀಲ್ ಬೆರಳಿಟ್ಟ. ತೆಗೆದು ಮತ್ತೆ ಇಟ್ಟ. ಅದು ಎಲ್ಲಿಯೂ ಹೋಗಲಿಲ್ಲ. ನೋಡಿದ್ದಾಯಿತು, ಮುಟ್ಟಿದ್ದಾಯಿತು. ಒಪ್ಪಿಕೊಂಡ.

ರಾಯಚೂರಿನಲ್ಲಿ ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದ ಒಂದು ಕೋಣೆಯಲ್ಲಿ ರೆಕಾರ್ಡಿಂಗ್ ನಡೆಯಿತು. ಫೋನ್ ಮಾಡಿದವರನ್ನು ಸ್ವಾಗತಿಸುವ ಮಾತು ಒಂದು ಸಾಲು, ಬೋನಸ್ಸಿನ ಮಾತು ಎರಡೇ ಸಾಲು. ಅದರ ಹಿಂದೆ ಷರತ್ತುಗಳೆಂದು ಒಂದು ಪುಟದ ತುಂಬ ಇರುವೆ ಸಾಲು. ಎಲ್ಲಿಯದೋ ಭಾಷೆಯನ್ನು ಕನ್ನಡದ ಮೇಲೆ ಹೇರಿ ಕಳಿಸಿದಂತಿದ್ದ ಆ ಸಾಲುಗಳು ಖಲೀಲ್‌ಗೆ ಅರ್ಥವಾಗಲಿಲ್ಲ. ಆದರೂ ಕೊಟ್ಟ ಕಾಗದವನ್ನು ಅರ್ಧಕ್ಕೆ ಬಿಡುವ ಮನುಷ್ಯ ಅವನಲ್ಲ. ನಡುವೆ ಚಹಾ ಕುಡಿದು, ಸಾವಿನ ಸುದ್ದಿಯಷ್ಟೇ ನಿಧಾನಕ್ಕೆ, ಎಲ್ಲವನ್ನೂ ಓದಿದ. ಬಸವಲಿಂಗ ತಡೆಯಲಿಲ್ಲ, ಗಡಿಯಾರ ನೋಡುತ್ತ ಸುಮ್ಮನೆ ನಕ್ಕ.

ಆಮೇಲೆ ದನಿಯೊಂದೇ ಹೊರಟಿತು, ಮನುಷ್ಯ ಹಿಂದೆ ಉಳಿದ. ಖಲೀಲ್ ಹೋಟೆಲಿನಲ್ಲಿ ಸುಸಲಾ ತಿನ್ನುತ್ತಿದ್ದರೆ ಪಕ್ಕದ ಬೆಂಚಿನವನ ಜೇಬಿನೊಳಗಿಂದ ಖಲೀಲ್ ಮಾತಾಡುತ್ತಿದ್ದ. ಪಕ್ಕದ ಮನೆಯ ಸೂಫಿಯಾ ಫೋನ್ ಹಚ್ಚಿದಾಗ ಗೋಡೆಯಾಚೆಗಿನ ಗಂಡನ ದನಿಗೆ ಅಸ್ಮತ್ "ಬಂದೆ" ಎಂದು ಎದ್ದು ಹೋಗಿ, ಯಾರೂ ಇಲ್ಲದ ಬಾಗಿಲು ತೆಗೆದಳು. "ಮೊದಲ ಹೆಜ್ಜೆಗೆ ಐದು ಸಾವಿರ ಉಚಿತ" ಎಂದು ದನಿ ನಿಧಾನಕ್ಕೆ, ತೂಕದಿಂದ ಹೇಳುತ್ತಿತ್ತು. ಕೊನೆಗೆ ಮಾತ್ರ ಡಬ್ಬಿಯಲ್ಲಿ ಸಿಕ್ಕ ಜೀರುಂಡೆಯಂತೆ ಚಿರ್ರೆಂದು ಒಂದು ಸದ್ದಾಗುತ್ತಿತ್ತು. ಅದೇನೆಂದು ಖಲೀಲ್‌ಗೆ ಬಹಳ ದಿನ ತಿಳಿಯಲಿಲ್ಲ. ಅದು ಅವನೇ. ಅವನು ಓದಿದ ಷರತ್ತುಗಳನ್ನೆಲ್ಲ ಓಡಿಸಿ, ಹಿಂಡಿ, ಒಂದು ಗುಟುಕು ಮಾಡಿದ್ದರು.

ಮೊದಲು ಕಟ್ಟೆಗೆ ಬಂದವಳು ಕುರ್ಡಿಯ ನೀಲಗಂಗಮ್ಮ, ಮಿರ್ಚಿ ಭಜಿ ಮಾರುವವಳು. ಹೊಸ ಒಲೆಗೆ ಎತ್ತಿಟ್ಟ ದುಡ್ಡನ್ನು ಆ ರಮ್ಮಿಗೆ ಹಾಕಿದ್ದಳು. ಹಾಕಿದ ಕೂಡಲೇ ಬೋನಸ್ ಕಂಡಿತು, ತೆಗೆಯಹೋದರೆ ಬರಲಿಲ್ಲ. ಅದರ ಮೂವತ್ತು ಪಟ್ಟು ಆಡಿದ ಮೇಲೆ, ಅದೂ ವಾರದೊಳಗೆ ಆಡಿದ ಮೇಲೆ, ಕೇಳಬಹುದು ಎಂದಿತು ಫೋನು. ಸೊಸೆ ಸುನಂದಾ ಹಟಕ್ಕೆ ಬಿದ್ದು ಆಡಿದಳು. ಬೋನಸ್ಸೂ ಹೋಯಿತು, ಒಲೆಯೂ ಹೋಯಿತು.

"ಫೋನಿನ ಮಾತು ನಾ ನಂಬಿಲ್ಲ, ಯಪ್ಪಾ. ನಿನ್ನ ಮಾತು ನಂಬೀನಿ," ಎಂದಳು ನೀಲಗಂಗಮ್ಮ. "ಏಳು, ಅಂಗಡಿಗೆ ಹೋಗೂನು."

ಖಲೀಲ್ ಚಪ್ಪಲಿ ಮೆಟ್ಟಿದ. ಮೆಟ್ಟಿದ ಮೇಲೆ ಯಾವ ಕಡೆ ನಡೆಯಬೇಕೆಂದು ತಿಳಿಯದೆ ನಿಂತ. ಕೊನೆಗೆ ಸತ್ತಾರ್ ಸಾಬ್‌ನ ಆಟೊದಲ್ಲಿ ಇಬ್ಬರೂ ರಾಯಚೂರಿಗೆ ಹೋದರು. ಮೊಟ್ಟೆ ಟ್ರೇಗಳ ಕೋಣೆಯಲ್ಲಿ ಯಾವುದೋ ಹಲ್ಲಿನ ದವಾಖಾನೆಯ ಜಾಹೀರಾತು ನಡೆದಿತ್ತು. ಬಸವಲಿಂಗ ಸಿಕ್ಕ. ಕಂಪನಿಯನ್ನು ತಾನೂ ನೋಡಿಲ್ಲ ಎಂದು ಆಣೆ ಮಾಡಿ, ಒಂದು ನಂಬರ್ ಕೊಟ್ಟು ಕೈ ತೊಳೆದುಕೊಂಡ. ಖಲೀಲ್ ಅಲ್ಲೇ ಮೆಟ್ಟಿಲ ಮೇಲೆ ಕೂತು ಆ ನಂಬರಿಗೆ ಫೋನ್ ಹಚ್ಚಿದ. ಎತ್ತಿದ್ದು ಖಲೀಲ್.

"ಸ್ವಾಗತ," ಎಂದಿತು ಅವನ ದನಿ. "ತಮ್ಮ ಕರೆ ನಮಗೆ ಅಮೂಲ್ಯ."

ಅವನು ಮರ್ಯಾದೆಯ ಮನುಷ್ಯ. ಎದುರಿನವನು ಮುಗಿಸಲಿ ಎಂದು ಕಾದ. ಎದುರಿನವನು ಐದು ಸಾವಿರದ ವಿಷಯ ಹೇಳಿ, ಚಿರ್ರೆಂದು, ಮತ್ತೆ ಸ್ವಾಗತ ಅಂದ. ಖಲೀಲ್ ನಡುವೆ ಬಾಯಿ ಹಾಕಿ ತನ್ನ ಹೆಸರು, ಊರು, ಬಂದ ಕಾರಣ ಹೇಳಿದ. ಎರಡು ದನಿ ಒಂದರ ಮೇಲೊಂದು ಬಿದ್ದವು. ನೀಲಗಂಗಮ್ಮ ಒಮ್ಮೆ ಫೋನಿನ ಕಡೆ, ಒಮ್ಮೆ ಅವನ ಬಾಯಿಯ ಕಡೆ ನೋಡಿ, ಇವರಿಬ್ಬರಲ್ಲಿ ಖರೆ ಯಾರು ಎಂದು ಸತ್ತಾರ್ ಸಾಬ್‌ನನ್ನು ಕೇಳಿದಳು. ಅವನಿಗೂ ಗೊತ್ತಿರಲಿಲ್ಲ.

ಆ ವಾರವೇ ಬಜಾರಿನ ಅಮೀರ್ ಸಾಬ್ ತೀರಿಕೊಂಡ. ಖಲೀಲ್ ಹೋಗಿ ಮುಖ ನೋಡಿ ಬಂದು, ಊರೆಲ್ಲ ಹೇಳಿದ. ಷಟರ್‌ಗಳು ಇಳಿಯಲಿಲ್ಲ. ಚೌಕಿನಲ್ಲಿ ಒಬ್ಬ ಬೈಕಿನವನು ಆಟೊದ ಪಕ್ಕಕ್ಕೆ ಬಂದು, "ಖರೇನೇ ಸತ್ತಾನೇನ್ರಿ, ಇಲ್ಲಾ ಷರತ್ತು ಅದಾವು?" ಎಂದು ಕೇಳಿದ. ಸುತ್ತಲಿನವರು ನಕ್ಕರು. ಖಲೀಲ್ ಕೂಗುವುದನ್ನು ನಿಲ್ಲಿಸಲಿಲ್ಲ. ಜನಾಜಾದ ನಮಾಜಿಗೆ ನೆಂಟರು ಬಿಟ್ಟರೆ ಬೆರಳೆಣಿಕೆಯ ಮಂದಿ. ಜೀವಮಾನವೆಲ್ಲ ಊರಿನ ಪ್ರತಿ ಮಣ್ಣಿಗೂ ಹೋಗಿ ಹೆಗಲು ಕೊಟ್ಟವನು ಅಮೀರ್ ಸಾಬ್. ಅವನ ಮಗ ಮುಷರ್ರಫ್ ಬೈಯಲಿಲ್ಲ. ಖಬರಸ್ತಾನದ ಗೇಟಿನ ಹತ್ತಿರ ಖಲೀಲ್‌ನ ಕೈ ಹಿಡಿದು, ಇನ್ನು ಯಾರ ಸಾವನ್ನೂ ಹೇಳಬೇಡಿ ಚಾಚಾ, ಸತ್ತವರಿಗೆ ಅವಮಾನ ಆಗುತ್ತದೆ ಎಂದು ಮೆಲ್ಲಗೆ ಹೇಳಿದ.

ಖಲೀಲ್ ಮನೆಗೆ ಬಂದು ಮಾತಾಡುವುದನ್ನೇ ಬಿಟ್ಟ. ಊಟಕ್ಕೆ ಬೇಕು ಬೇಡ ಎಂಬುದೂ ಕೈಸನ್ನೆಯಲ್ಲೇ ಆಯಿತು. ಪಕ್ಕದ ಮನೆಯ ಫೋನಿನಲ್ಲಿ ಅವನು ಮಾತಾಡುತ್ತಲೇ ಇದ್ದ. ಕೊನೆಗೆ ಅಸ್ಮತ್‌ಗೆ ಸಾಕಾಯಿತು. ರೆಕಾರ್ಡಿಂಗಿನ ದಿನದಿಂದ ಅವನ ಅಂಗಿಯ ಜೇಬಿನಲ್ಲೇ ಉಳಿದಿದ್ದ ಷರತ್ತಿನ ಕಾಗದವನ್ನು ತೆಗೆದು ಅವನ ಮುಂದೆ ಹಾಕಿದಳು.

"ಫೋನಿನಾಗಿನವ ಇದನ್ನ ಓಡಿಸಿ ಓದ್ಯಾನ. ನೀವು ನಡೆಸಿ ಓದ್ರಿ."

ಮರುದಿನ ಮುಂಜಾನೆ ಭೋಂಗಾ ಕಟ್ಟಿದ ಆಟೊ ಹೊರಟಿತು. ನೀಲಗಂಗಮ್ಮ ಸಾಕ್ಷಿಗೆಂದು ಹಿಂದೆ ಕೂತಳು. ಚೌಕಿಗೆ ಬಂದಾಗ ಖಲೀಲ್ ಗಂಟಲು ಸರಿಮಾಡಿಕೊಂಡ. ಷರತ್ತುಗಳಿಂದಲೇ ಶುರು ಮಾಡಬೇಕೆಂದಿದ್ದ. ಆದರೆ ಇಷ್ಟು ವರ್ಷದ ನಾಲಿಗೆ ತನ್ನ ದಾರಿಯನ್ನೇ ಹಿಡಿಯಿತು.

"ದುಃಖದಿಂದ ತಿಳಿಸುವುದೇನೆಂದರೆ..." ಎಂದ. ಅಂದಮೇಲೆ ಯಾರಾದರೂ ಸಾಯಲೇಬೇಕು. "ಸ್ವಾಗತ ಬೋನಸ್, ಐದು ಸಾವಿರ ರೂಪಾಯಿ, ಮೊನ್ನೆ ಕುರ್ಡಿಯಲ್ಲಿ ನೀಲಗಂಗಮ್ಮನವರ ಮನೆಯಲ್ಲಿ ತೀರಿಕೊಂಡಿದೆ. ಮಣ್ಣು ಇರುವುದಿಲ್ಲ. ಯಾಕೆಂದರೆ ದೇಹ ಇಲ್ಲ. ನಾನು ಮುಟ್ಟಿದ್ದು ಗಾಜು."

ಚೌಕಿನಲ್ಲಿ ಚಹಾದ ಬಟ್ಟಲುಗಳು ಅರ್ಧಕ್ಕೆ ನಿಂತವು. ಬೋನಸ್ಸಿಗೆ ಯಾವ ರೋಗವಿತ್ತು ಎಂದು ಖಲೀಲ್ ಒಂದೊಂದಾಗಿ ಓದಿದ. ಮೂವತ್ತು ಪಟ್ಟು ಅಂದರೆ ಒಂದೂವರೆ ಲಕ್ಷ ಎಂದು ಬಿಡಿಸಿ ಹೇಳಿ, ಆ ಅಂಕಿ ಗಾಳಿಯಲ್ಲಿ ಕರಗುವ ತನಕ ಸುಮ್ಮನಾದ. ಅರ್ಥವಾಗದ ಸಾಲು ಬಂದಲ್ಲಿ ಇದು ನನಗೂ ಅರ್ಥವಾಗಿಲ್ಲ ಎಂದು ಹೇಳಿ ಮುಂದೆ ಹೋದ. ಹಳೆಯ ಚಾಳಿಯಂತೆ ಒಬ್ಬ ದರ್ಜಿ ಷಟರ್ ಅರ್ಧ ಎಳೆದ. ಅವನನ್ನು ನೋಡಿ ಪಕ್ಕದವನೂ ಎಳೆದ. ಬೈಕಿನವನು ಈ ಸಲವೂ ಬಂದ, ನಗಲಿಲ್ಲ. ತನ್ನದೂ ಮನೆಯಲ್ಲೇ ಸತ್ತಿದೆ, ಹೆಂಡತಿಗೆ ಹೇಳಿಲ್ಲ, ಹೆಸರು ಬಿಟ್ಟು ಓದಿರಿ ಎಂದು ಬೇಡಿಕೊಂಡ.

ಸಿರವಾರದಲ್ಲಿ ಜನ ಆಟೊದ ಹಿಂದೆ ನಡೆದರು. ದೇವದುರ್ಗದಲ್ಲಿ ಒಬ್ಬ ಮುದುಕಿ, ಬೋನಸ್ ಯಾರ ಪೈಕಿ, ಮಕ್ಕಳೆಷ್ಟು ಎಂದು ವಿಚಾರಿಸಿದಳು. ನೀಲಗಂಗಮ್ಮ ಅಲ್ಲಿ ತಾನೇ ಮೈಕ್ ಇಸಕೊಂಡು ತನ್ನ ಒಲೆಯ ಕಥೆ ಹೇಳಿದಳು. ಒಲೆ ಬರಲಿಲ್ಲ. ಆದರೆ ದುಡ್ಡು ಹಾಕಲಿದ್ದ ಹಲವರು ಅಲ್ಲೇ ನಿಂತು ಆಪ್ ಅಳಿಸಿದರು.

ಅಷ್ಟಾದರೂ ಖಲೀಲ್‌ನ ಮನಸ್ಸು ನೆಟ್ಟಗಾಗಲಿಲ್ಲ. ಬೋನಸ್ಸಿನ ಸಾವು ನಂಬಿದವರು ಮನುಷ್ಯರ ಸುದ್ದಿ ಹೇಳಿದರೂ ನಂಬುತ್ತಾರೋ ಇಲ್ಲವೋ. ಅಮೀರ್ ಸಾಬ್‌ನ ನಲವತ್ತನೆಯ ದಿನದ ಫಾತಿಹಾ ಬಂದಾಗ ಅವನು ಮುಷರ್ರಫ್‌ನ ಬಾಗಿಲಿಗೆ ತಾನಾಗಿ ಹೋಗಿ, ಊಟದ ಕರೆಯನ್ನು ಕೂಗಲು ಅಪ್ಪಣೆ ಕೇಳಿದ. ಮುಷರ್ರಫ್ ಹೂಂ ಅಂದ. ಜನಾಜಾಕ್ಕೆ ಬಂದವರ ಲೆಕ್ಕ ಹಿಡಿದು ಒಂದೇ ದೊಡ್ಡ ಹಂಡೆ, ಒಂದೇ ಡೇಗ್ ಅನ್ನ ಇಡಿಸಿದ.

ಊರಿಗೆ ಊರೇ ಬಂತು. ಮಣ್ಣಿಗೆ ತಪ್ಪಿಸಿಕೊಂಡವರು ತಲೆ ತಗ್ಗಿಸಿಕೊಂಡು ಬಂದರು. ಅಂಗಳ ಸಾಲದೆ ಪಂಕ್ತಿ ಓಣಿಗಿಳಿಯಿತು. ಇನ್ನೊಂದು ಡೇಗ್ ಇಟ್ಟರು, ಅದೂ ಮುಗಿಯಿತು. ಕೊನೆಯ ಓಣಿ ಕೂಗಿ ಮುಗಿಸಿ ಖಲೀಲ್ ಬರುವ ಹೊತ್ತಿಗೆ ಮುಷರ್ರಫ್ ಬೆವರೊರೆಸಿಕೊಳ್ಳುತ್ತ, ಡೇಗಿನೊಳಗೆ ಅರ್ಧ ಮೈ ಇಳಿಸಿ ಕೆರೆಯುತ್ತಿದ್ದ.

"ಚಾಚಾ, ಒಂದೆರಡು ಓಣಿ ಬಿಡಬೇಕಿತ್ತು," ಎಂದ.

ಖಲೀಲ್ ತಟ್ಟೆ ಹಿಡಿದು ಓಣಿಯಲ್ಲೇ ಕೂತು, ಅವನು ಕೆರೆದು ಹಾಕಿದ ಸೀದ ಅನ್ನವನ್ನು ಕಟಕಟ ಅಗಿದು ತಿಂದ. ಇನ್ನಷ್ಟು ಇದೆಯೇ ಎಂದು ಕೇಳಿದ.