ನಾರು ಕಟ್ಟಿದ ಬಾಟಲಿ

ರಬ್ಬರ್ ಹಾಲು ಗಟ್ಟಿಯಾಗಬೇಕಾದರೆ ಆಸಿಡ್ ಬೇಕು. ಆಸಿಡ್ ದೊಡ್ಡ ಕ್ಯಾನಿನಲ್ಲಿ ಕೊಂಡರೆ ಅಗ್ಗ. ಐವತ್ತು, ಅರುವತ್ತು ಮರ ಇರುವವರಿಗೆ ಅಷ್ಟೊಂದು ಯಾಕೆ? ಹಾಗಾಗಿ ನಾಲ್ಕು ಮನೆಯವರು ಸೇರಿ ಒಂದು ಕ್ಯಾನ್ ತರುತ್ತಾರೆ, ಹಂಚಿಕೊಳ್ಳುತ್ತಾರೆ. ಹಂಚಿಕೊಳ್ಳಲು ಕೈಗೆ ಸಿಗುವುದು ಕುಡಿಯುವ ನೀರಿನ ಖಾಲಿ ಬಾಟಲಿ.

ಕಾರಡ್ಕದ ಆಚೆ ಗುಡ್ಡದ ಬದಿಯಲ್ಲಿ ಮನೆಯಿರುವ ಹೊನ್ನಯ್ಯನವರೂ ಹಾಗೆಯೇ ಮಾಡುತ್ತಿದ್ದರು. ಆದರೆ ಅವರು ಜಾಗ್ರತೆಯ ಮನುಷ್ಯ. ಆಸಿಡ್ ತುಂಬಿದ ಬಾಟಲಿಯ ಕತ್ತಿಗೆ ಒಂದು ಬಾಳೆನಾರು ಕಟ್ಟುತ್ತಿದ್ದರು. ನಾರು ಕಂಡರೆ ಮುಟ್ಟಬಾರದು. ಗುಡ್ಡದ ದೊಡ್ಡವರಿಗೆಲ್ಲ ಈ ಗುರುತು ಗೊತ್ತಿತ್ತು.

ಒಂದು ಶನಿವಾರ ಆಶಾ ಕಾರ್ಯಕರ್ತೆ ಜೋಸ್ಫಿನ್ ಬಾಯಿ ಆ ಮನೆಗೆ ಬಂದರು. ಹೊನ್ನಯ್ಯನವರ ಮೊಮ್ಮಗ, ಮೂರು ವರ್ಷದ ಮನೀಶನ ತೂಕ ನೋಡಬೇಕಿತ್ತು. ಹೊನ್ನಯ್ಯನವರು ಶೆಡ್ಡಿನಲ್ಲಿ ಕುಳಿತು ಬಾಟಲಿಗೆ ಆಸಿಡ್ ಹೊಯ್ಯುತ್ತಿದ್ದರು.

"ಹೊನ್ನಯ್ಯಣ್ಣ, ಇದೆಂತ? ನೀರಿನ ಬಾಟಲಿಗೆ ಹಾಕುವುದಾ? ಮನೆಯಲ್ಲಿ ಸಣ್ಣ ಮಕ್ಕಳು ಉಂಟಲ್ಲ?"

"ನಾರು ಕಟ್ಟುತ್ತೇನಲ್ಲ ಬಾಯಿ. ಎಷ್ಟೋ ವರ್ಷದಿಂದ ಹೀಗೆಯೇ. ಯಾರಿಗೆ ಎಂತ ಆಗಿದೆ?"

"ನಾರು ಎಂತಕ್ಕೇಂತ ನಿಮಗೆ ಗೊತ್ತುಂಟು. ಮಕ್ಕಳಿಗೆ ಗೊತ್ತುಂಟಾ?"

"ನೀವು ಪೋಲಿಯೋ ಹನಿ ಹಾಕಿ ಮಾರಾಯ್ತಿ. ರಬ್ಬರಿಗೂ ನೀವೇ ಪಾಠ ಹೇಳಿದರೆ ಕೃಷಿ ಭವನದವರು ಎಲ್ಲಿಗೆ ಹೋಗುವುದು?"

ಜಗಲಿಯಲ್ಲಿದ್ದ ಸೊಸೆ ನಮಿತಾ ನಕ್ಕಳು. ಜೋಸ್ಫಿನ್ ಬಾಯಿ ನಗಲಿಲ್ಲ.

"ಕ್ಯಾನಿನಲ್ಲೇ ಇರಲಿ ಅಣ್ಣ. ಬೀಗ ಹಾಕಿ ಇಡಿ."

"ಆಯಿತು, ಆಯಿತು. ಚಾ ಕುಡಿದು ಹೋಗಿ."

ಮರುದಿನ ಭಾನುವಾರ, ರೈತರ ತರಕಾರಿ ಸಂತೆ. ಬೆಳಿಗ್ಗೆ ಹೊನ್ನಯ್ಯನವರು ಜಗಲಿಯಲ್ಲಿ ಕುಳಿತು ಬಸಳೆಯ ದಂಟುಗಳನ್ನು ಒಟ್ಟು ಸೇರಿಸಿ ಸೂಡಿ ಮಾಡಿ ನಾರು ಕಟ್ಟುತ್ತಿದ್ದರು. ಅಲಸಂಡೆಗೂ ನಾರು, ಕೆಸುವಿನ ಎಲೆಗೂ ನಾರು. ಐದು ವರ್ಷದ ಮೊಮ್ಮಗಳು ಕಿನ್ನಿ ಒಂದೊಂದೇ ನಾರು ಎತ್ತಿ ಕೊಡುತ್ತಿದ್ದಳು.

ಕಿನ್ನಿಯದು ದೊಡ್ಡ ಕಂಠ. ಮುಸ್ಸಂಜೆ ದೀಪ ಹಚ್ಚಿದರೆ ಭಜನೆಯ ಮೊದಲ ಸಾಲು ಅವಳದೇ. ಎದುರು ಗುಡ್ಡದವರು ಅವಳ ಸ್ವರ ಕೇಳಿ ತಮ್ಮ ದೀಪ ಹಚ್ಚುತ್ತಿದ್ದರು.

"ಅಜ್ಜ, ಇದೆಲ್ಲ ತಿನ್ನಲಿಕ್ಕಾ?"

"ಹೌದು ಮಗಾ. ನಾರು ಕಟ್ಟಿದ್ದೆಲ್ಲ ತಿನ್ನಲಿಕ್ಕೇ."

ಕೈ ಕೆಲಸದಲ್ಲಿತ್ತು, ಬಾಯಿ ತಮಾಷೆಯಲ್ಲಿತ್ತು. ಆಡಿದ ಮಾತು ಅವರಿಗೆ ಅಲ್ಲೇ ಮರೆತುಹೋಯಿತು.

ನೆರೆಮನೆಯ ಬಟ್ಯನ ಪಾಲಿನ ಆಸಿಡ್ ಬಾಟಲಿಯೂ ತರಕಾರಿಯ ಬುಟ್ಟಿಯಲ್ಲೇ ಸಂತೆಗೆ ಬಂತು. ಬಟ್ಯ ಅಲ್ಲಿಗೆ ಬಂದು ಒಯ್ಯುತ್ತೇನೆ ಎಂದಿದ್ದ. ಹೊನ್ನಯ್ಯನವರು ಅದನ್ನು ಮೇಜಿನ ಕೆಳಗೆ, ಬಸಳೆಯ ಪಕ್ಕದಲ್ಲಿ ಇಟ್ಟರು.

ಬಿಸಿಲು ಏರಿತು. ನಮಿತಾ ಎರಡು ಅಂಗಡಿ ಆಚೆ ಬೆಂಡೆ ಬೀಜ ಕೇಳುತ್ತಿದ್ದಳು. ಹೊನ್ನಯ್ಯನವರು ತೂಕ ಮಾಡುತ್ತಿದ್ದರು. ಮಕ್ಕಳಿಬ್ಬರೂ ಮೇಜಿನ ಕೆಳಗೆ ನೆರಳಿನಲ್ಲಿ ಕುಳಿತಿದ್ದರು.

"ಅಕ್ಕಾ, ನೀರು," ಎಂದ ಮನೀಶ.

ಕಿನ್ನಿ ಸುತ್ತ ನೋಡಿದಳು. ನಾರು ಕಟ್ಟಿದ ಬಾಟಲಿ. ಒಳಗೆ ನೀರಿನಂತೆಯೇ ತಿಳಿ.

ತಮ್ಮನಿಗೆ ಏನು ಕೊಡುವುದಿದ್ದರೂ ಕಿನ್ನಿ ಮೊದಲು ತಾನು ರುಚಿ ನೋಡುತ್ತಿದ್ದಳು. ಗಂಜಿ ಬಿಸಿ ಉಂಟಾ ಎಂದು ಅಮ್ಮ ನೋಡುವುದನ್ನು ಕಂಡು ಕಲಿತದ್ದು. ಅಂದೂ ಹಾಗೆಯೇ ಮಾಡಿದಳು. ಅವಳಿಗೂ ಬಾಯಾರಿತ್ತು, ಒಂದು ಗುಟುಕು ಒಳಗೆ ಹೋಯಿತು.

ಅವಳು ಕೂಗಲಿಲ್ಲ. ಕೂಗಲು ಆಗಲಿಲ್ಲ. ಬಾಟಲಿ ಕೆಳಗೆ ಬಿದ್ದ ಸದ್ದಿಗೆ ಹೊನ್ನಯ್ಯನವರು ಬಗ್ಗಿ ನೋಡಿದರು.

"ಉಪ್ಪುನೀರು ಕುಡಿಸಿ! ವಾಂತಿ ಮಾಡಿಸಿ!" ಎಂದು ಯಾರೋ ಕೂಗಿದರು. ಹೊನ್ನಯ್ಯನವರು ಪಕ್ಕದ ಚಾದ ಅಂಗಡಿಯಿಂದ ಉಪ್ಪುನೀರು ತಂದರು. ಅಷ್ಟರಲ್ಲಿ ಕುಟುಂಬಶ್ರೀ ಮಹಿಳಾ ಸಂಘದವರ ಮೇಜಿನ ಬಳಿ ಇದ್ದ ಜೋಸ್ಫಿನ್ ಬಾಯಿ ಓಡಿ ಬಂದು ಅವರ ಕೈ ಹಿಡಿದರು.

"ಬೇಡ ಅಣ್ಣ! ಇಳಿಯುವಾಗ ಸುಟ್ಟದ್ದು, ವಾಂತಿ ಮಾಡಿಸಿದರೆ ಇನ್ನೊಮ್ಮೆ ಸುಡುತ್ತದೆ. ಏನೂ ಕುಡಿಸಬೇಡಿ. ಬಾಯಿ ಮುಕ್ಕಳಿಸಿ ಉಗಿಯಲಿ. ನಮಿತಾ, ಕೈಗೆ, ಅಂಗಿಗೆ ಬಿದ್ದಿದ್ದರೆ ನೀರು ಹೊಯ್ಯಿ. ಯಾರಾದರೂ ನೂರೆಂಟಕ್ಕೆ ಫೋನ್ ಮಾಡಿ. ಆ ಬಾಟಲಿಯನ್ನು ಬಿಸಾಡಬೇಡಿ, ಡಾಕ್ಟರಿಗೆ ತೋರಿಸಬೇಕು."

ಕಿನ್ನಿ ಬದುಕಿದಳು. ಆದರೆ ಸುಟ್ಟ ಅನ್ನನಾಳ ಮಾಯುತ್ತಾ ಮಾಯುತ್ತಾ ಸಪೂರವಾಯಿತು. ಅದನ್ನು ಅಗಲ ಮಾಡಲು ಮೂರು ವಾರಕ್ಕೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಹೋಗಬೇಕು. ಎಷ್ಟು ಕಾಲ ಎಂದು ಡಾಕ್ಟರೂ ಹೇಳಲಿಲ್ಲ. ಅವಳಿಗೆ ಈಗ ಅನ್ನವಿಲ್ಲ. ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ತಿಳಿ ಮಾತ್ರ. ಸ್ವರ ಒಡೆದುಹೋಗಿದೆ. ಮುಸ್ಸಂಜೆ ದೀಪ ಹಚ್ಚುತ್ತಾರೆ, ಕೈ ಮುಗಿಯುತ್ತಾರೆ. ಮೊದಲ ಸಾಲು ಎತ್ತಲು ಯಾರಿಗೂ ಬಾಯಿ ಬರುವುದಿಲ್ಲ.

ಆಸ್ಪತ್ರೆಯಿಂದ ಬಂದ ವಾರ ಹೊನ್ನಯ್ಯನವರು ಅವಳ ಚಾಪೆಯ ಬದಿಯಲ್ಲಿ ಕುಳಿತು ಕೇಳಿದರು. "ಯಾಕೆ ಕುಡಿದೆ ಮಗಾ? ನಾರು ಕಾಣಲಿಲ್ಲವಾ?"

"ಕಂಡಿತು ಅಜ್ಜ." ಪಿಸುಮಾತಿನಷ್ಟೇ ಸ್ವರ. "ನೀವೇ ಹೇಳಿದ್ದಲ್ಲವಾ? ನಾರು ಕಟ್ಟಿದ್ದೆಲ್ಲ ತಿನ್ನಲಿಕ್ಕೆ ಅಂತ."

ಹೊನ್ನಯ್ಯನವರು ಎದ್ದು ಅಂಗಳಕ್ಕೆ ಹೋದರು.

ಮರುದಿನ ಅವರು ಜೋಸ್ಫಿನ್ ಬಾಯಿಯ ಮನೆಗೆ ಹೋದರು. "ಬಾಯಿ, ಆ ದಿನ ನಿಮಗೆ ತಮಾಷೆ ಮಾಡಿದೆ. ಈಗ ನನ್ನ ಜೊತೆ ಬನ್ನಿ. ಮನೆ ಮನೆಗೆ ಹೋಗುವಾ."

ಹೋದರು. ಬಟ್ಯ ಮಾತ್ರ ತಲೆ ಕೆರೆದುಕೊಂಡ.

"ನಮ್ಮಲ್ಲಿ ಸಣ್ಣ ಮಕ್ಕಳೇ ಇಲ್ಲವಲ್ಲ ಅಣ್ಣ. ನನಗೆಂತ ಹೆದರಿಕೆ?"

"ನನ್ನ ಕಿನ್ನಿ ಕುಡಿದದ್ದು ನಿನ್ನ ಬಾಟಲಿಯಿಂದ ಬಟ್ಯ," ಎಂದರು ಹೊನ್ನಯ್ಯನವರು. "ತುಂಬಿಸಿದ್ದು ನಾನು. ನಿನ್ನನ್ನು ದೂರುವುದಲ್ಲ. ಬಾಟಲಿಗೆ ಕಾಲು ಉಂಟು, ಒಂದೇ ಮನೆಯಲ್ಲಿ ಕೂರುವುದಿಲ್ಲ."

ಬಟ್ಯ ಒಳಗೆ ಹೋಗಿ ಮೂರು ಬಾಟಲಿ ತಂದು ಜಗಲಿಯಲ್ಲಿಟ್ಟ. ಒಂದರಲ್ಲಿ ಆಸಿಡ್, ಒಂದರಲ್ಲಿ ಸೀಮೆಎಣ್ಣೆ, ಇನ್ನೊಂದರಲ್ಲಿ ಹುಲ್ಲು ಸಾಯುವ ಮದ್ದು. ಮೂರೂ ಶರಬತ್ತಿನ ಬಾಟಲಿಗಳೇ.

ಈಗ ನಾಲ್ಕು ಮನೆಯವರೂ ಹಂಚಿಕೊಳ್ಳುವುದನ್ನು ಬಿಟ್ಟಿದ್ದಾರೆ. ದುಡ್ಡು ಹೆಚ್ಚಾದರೂ ಹೆಸರಿನ ಚೀಟಿ ಇರುವ ಸಣ್ಣ ಕ್ಯಾನನ್ನೇ ಪ್ರತಿ ಮನೆಗೂ ತರುತ್ತಾರೆ. ಅದು ಬೀಗದ ಪೆಟ್ಟಿಗೆಯಲ್ಲಿ, ಬೀಗದ ಕೈ ದೊಡ್ಡವರ ಸೊಂಟದಲ್ಲಿ.

ಮೊನ್ನೆ ಭಾನುವಾರ ಕಿನ್ನಿ ಮತ್ತೆ ಸಂತೆಗೆ ಬಂದಿದ್ದಳು. ಯಾರೋ ಒಂದು ಕದಳಿ ಬಾಳೆಹಣ್ಣು ಕೊಟ್ಟರು. ಅವಳು ಅದನ್ನು ತಿರುಗಿಸಿ ನೋಡಿದಳು. "ಅಜ್ಜ, ಇದು ತಿನ್ನಲಿಕ್ಕಾ?" ಎಂದು ಕೇಳಿದಳು. ಅಜ್ಜ ಒಂದು ತುಂಡು ತಾವು ತಿಂದು, "ಹೌದು ಮಗಾ" ಎಂದರು. ಕಿನ್ನಿ ಉಳಿದದ್ದನ್ನು ಮೂಗಿನ ಹತ್ತಿರ ಹಿಡಿದು ಪರಿಮಳ ನೋಡಿದಳು. ಆಮೇಲೆ ತಮ್ಮನ ಕೈಗೆ ಕೊಟ್ಟಳು. ಅವನು ತಿನ್ನುವುದನ್ನು ನೋಡುತ್ತಾ ನಿಂತಳು.

ಅಮ್ಮಂದಿರೇ, ಅಪ್ಪಂದಿರೇ, ಅಜ್ಜಂದಿರೇ, ನೀವು ಕಟ್ಟಿದ ಗುರುತು ನಿಮಗೆ ಗೊತ್ತು, ಮಗುವಿಗೆ ಗೊತ್ತಿಲ್ಲ. ಮಗುವಿಗೆ ಗೊತ್ತಿರುವುದು ಇಷ್ಟೇ: ಬಾಟಲಿಯಲ್ಲಿರುವುದು ಕುಡಿಯಲಿಕ್ಕೆ. ಆಸಿಡ್, ಮದ್ದು, ಸೀಮೆಎಣ್ಣೆಯನ್ನು ಕುಡಿಯುವ ಬಾಟಲಿಗೆ ಹಾಕಬೇಡಿ. ತರಕಾರಿಯ ಬುಟ್ಟಿಯಲ್ಲಿ ಒಯ್ಯಬೇಡಿ. ಮಗು ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಬೇಡಿ, ಆ ಬಾಟಲಿಯ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಿ.

ಇದನ್ನು ಕೇಳಿದವರು ಈಗಲೇ ಎದ್ದು ನಿಮ್ಮ ಶೆಡ್ಡು, ಅಟ್ಟ, ಅಡುಗೆಮನೆಯ ಮೂಲೆ ನೋಡಿ ಬನ್ನಿ. ದೀಪ ಹಚ್ಚುವ ಹೊತ್ತಿಗೆ ನಿಮ್ಮ ಮನೆಯ ಮಗುವಿನ ಸ್ವರ ಎದುರು ಗುಡ್ಡಕ್ಕೆ ಕೇಳುತ್ತಿರಲಿ.