ಮಸಿ ಉಂಡ ಹಿಟ್ಟು

ಹಾರ್ಟ್ಸ್ ವೆಲ್ ಊರಿನ ಸಭಾಭವನಕ್ಕೆ ನೂರು ವರ್ಷ ತುಂಬುವ ಹೊತ್ತಿಗೆ ಅದರ ಹಿಂಗೋಡೆ ಬಾಣಲೆಯ ತಳದಂತೆ ಕಪ್ಪಾಗಿತ್ತು. ಗೋಡೆಯ ಬುಡದಲ್ಲೇ ಸೌದೆ ಒಲೆ, ಅದರ ಹೊಗೆಕೊಳವೆಯಲ್ಲಿ ಹಳೆಯ ಬಿರುಕು. ಐವತ್ತು ಚಳಿಗಾಲ ಊರಿನವರು ಆ ಒಲೆಯ ಮುಂದೆ ಇಸ್ಪೀಟಾಡಿದ್ದರು, ಮದುವೆಗಳಲ್ಲಿ ಕುಣಿದಿದ್ದರು, ಉಣ್ಣೆಯ ಬೆಲೆ ಬಿದ್ದಾಗ ಸರ್ಕಾರಕ್ಕೆ ಹಿಡಿಶಾಪ ಹಾಕಿದ್ದರು. ಗೋಡೆಯ ಕಡೆ ಯಾರೂ ತಲೆಯೆತ್ತಿ ನೋಡಿರಲಿಲ್ಲ. ಈಗ ಶತಮಾನದ ಹಬ್ಬ ಬಂತೆಂದು ಸಮಿತಿಯವರು ಅದಕ್ಕೆ ಕೆನೆಬಣ್ಣ ಬಳಿಸಲು ಹೊರಟರು.

ಬಣ್ಣದವನು ಬಂದು ಬೆರಳಲ್ಲಿ ಗೀಚಿ ನೋಡಿದ. ಇದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಮೊದಲು ಮಸಿ ತೆಗೆಸಿಡಿ, ಸೋಮವಾರ ಬರುತ್ತೇನೆ ಎಂದು ಹೇಳಿ ಹೋದ.

ಭವನವನ್ನು ಗುಡಿಸಿ ಒರೆಸುವ ಕೆಲಸ ನೋಲಾಳದು. ಐವತ್ನಾಲ್ಕು ವರ್ಷದ ಗಟ್ಟಿ ಹೆಂಗಸು. ಅವಳು ಸೋಪಿನ ನೀರು ಹಾಕಿ ತಿಕ್ಕಿದಳು. ಮಸಿ ಉದ್ದುದ್ದ ಗೆರೆಯಾಗಿ ಇಳಿಯಿತೇ ಹೊರತು ಗೋಡೆ ಬಿಡಲಿಲ್ಲ. ಅಂಗಡಿಯಿಂದ ತಂದ ಬಾಟಲಿಯ ದ್ರಾವಣ ಹಾಕಿದಳು. ಕಣ್ಣು ಮೂಗು ಉರಿದವು, ಕಪ್ಪು ಕಪ್ಪಾಗಿಯೇ ಉಳಿಯಿತು. ಸೋತು ಕುರ್ಚಿಯ ಮೇಲೆ ಕೂತಾಗ ಅವಳಿಗೆ ಡಲ್ಸಿ ಚಿಕ್ಕಮ್ಮನ ನೆನಪಾಯಿತು.

ನೋಲಾಳಿಗೆ ಮೂರು ತುಂಬುವಷ್ಟರಲ್ಲಿ ತಾಯಿ ಐವಿ ಜ್ವರದಲ್ಲಿ ತೀರಿಕೊಂಡಿದ್ದಳು. ಸಾಕಿದವಳು ಈ ಚಿಕ್ಕಮ್ಮ. ಮನೆ ತೊಳೆಯುವುದಕ್ಕೆ ಅಂಗಡಿಗೆ ಒಂದು ಕಾಸು ಕೊಟ್ಟವಳಲ್ಲ. ಕಿಟಕಿಗೆ ವಿನಿಗರ್ ಮತ್ತು ಹಳೆ ಪೇಪರು. ಕಟ್ಟಿಕೊಂಡ ಮೋರಿಗೆ ಸೋಡಾಪುಡಿ. ಉಣ್ಣೆಯ ಕಂಬಳಿಗೆ ತುರಿದ ಸೋಪು, ಸ್ಪಿರಿಟ್ಟು, ನೀಲಗಿರಿ ಎಣ್ಣೆ ಕಲಸಿದ ಬಿಳಿ ಗಂಜಿ. ಒಲೆಯ ಹಿಂದಿನ ಗೋಡೆಗೆ ಮಾತ್ರ ಚಿಕ್ಕಮ್ಮ ನೀರು ತಾಕಿಸುತ್ತಿರಲಿಲ್ಲ; ಹಿಟ್ಟು ಕಲಸುತ್ತಿದ್ದಳು. ಗೆಳತಿಯರೆದುರು ಇದೆಲ್ಲ ಬಡತನದ ಗುರುತೆಂದು ನೋಲಾ ಆಗ ನಾಚಿಕೊಂಡಿದ್ದುಂಟು.

ಮರುದಿನ ಬೆಳಿಗ್ಗೆ ಅವಳು ಭವನದ ಅಡುಗೆಮನೆಯಲ್ಲಿ ಒಲೆಯ ಮೇಲೆ ಪಾತ್ರೆಯಿಟ್ಟು ಗೋಧಿಹಿಟ್ಟು, ಹಿಡಿ ಉಪ್ಪು, ತಣ್ಣೀರು, ಎರಡು ಚಮಚ ವಿನಿಗರ್ ಕಲಸಿದಳು. ಮೇಲೆ ಒಂದೇ ಚಮಚ ಸೀಮೆಎಣ್ಣೆ. ಅದು ಸೇರಿದ ಮೇಲೆ ಉರಿಯನ್ನು ತೀರಾ ಸಣ್ಣದಾಗಿಸಿ ಕೈಬಿಡದೆ ತಿರುವಿದಳು. ಹಿಟ್ಟು ಗಂಟಾಯಿತು, ಮಂದವಾಯಿತು, ಕೊನೆಗೆ ಪಾತ್ರೆಯ ಅಂಚು ಬಿಟ್ಟು ಮುದ್ದೆಯಾಯಿತು. ಆರಿದ ಮೇಲೆ ನಾದಿದಳು. ಹೋಳಿಗೆಯ ಕಣಕದಂತೆ ಮೆತ್ತಗೆ ಬಂತು, ಕೈಗೆ ಅಂಟಲಿಲ್ಲ.

ಒಂದು ಉಂಡೆಯನ್ನು ಗೋಡೆಗೆ ಒತ್ತಿ ಕೆಳಕ್ಕೆ ಉರುಳಿಸಿದಳು. ಉಂಡೆ ಮಸಿಯನ್ನು ನಾಲಿಗೆಯಿಂದ ನೆಕ್ಕಿದಂತೆ ಎತ್ತಿಕೊಂಡಿತು. ಕಪ್ಪಾದ ಭಾಗವನ್ನು ಒಳಕ್ಕೆ ಮಡಚಿ ಮತ್ತೆ ಒತ್ತಿದಳು. ಒರೆಸಿದ ಜಾಗದಲ್ಲಿ ಸುಣ್ಣದ ಬಿಳುಪು ಇರಬೇಕಿತ್ತು. ಇದ್ದದ್ದು ನೀಲಿ.

ಆಕಾಶದ ನೀಲಿ. ಅವಳ ಕೈ ಹಾಗೆಯೇ ನಿಂತಿತು.

ಅಷ್ಟರಲ್ಲಿ ಒಳಗೆ ಬಂದವರು ವಿಲ್ಫ್. ಎಂಬತ್ತೆರಡು ವರ್ಷದ ವಿಲ್ಫ್ ದಿನಾ ಹತ್ತಕ್ಕೆ ಭವನಕ್ಕೆ ಬಂದು ಒಂದು ಚಹಾ ಕುಡಿದು ಹೋಗುತ್ತಿದ್ದರು. ಊರಿನ ಮಕ್ಕಳಿಗೆಲ್ಲ ಅವರು ಮಾಮ.

"ಏನಮ್ಮಾ ನೋಲಾ, ರೊಟ್ಟಿ ತಟ್ಟೋಕೆ ನಿಂಗೆ ಗೋಡೆನೇ ಬೇಕಾಯ್ತಾ?"

ನೋಲಾ ಪಕ್ಕಕ್ಕೆ ಸರಿದಳು. ವಿಲ್ಫ್ ಆ ಅಂಗೈಯಗಲದ ನೀಲಿಯನ್ನು ನೋಡಿ ಟೋಪಿ ತೆಗೆದರು. ಐವತ್ತೆರಡು ವರ್ಷದ ಹಿಂದಿನ, ಯುದ್ಧದ ಕಾಲದ ಕತೆ ಹೇಳಿದರು. ಆಗ ಇಟಲಿಯ ಯುದ್ಧಕೈದಿಗಳನ್ನು ಗೋಧಿ ಹೊಲಗಳ ಕೆಲಸಕ್ಕೆ ಹಂಚಿದ್ದರಂತೆ. ವಿಲ್ಫ್ ಅವರ ತಂದೆಯ ಹೊಲಕ್ಕೆ ಬಂದವನು ಆರ್ಮಾಂಡೋ. ಇಟಲಿಯ ತನ್ನೂರಲ್ಲಿ ಚರ್ಚುಗಳ ಗೋಡೆಗೆ ಚಿತ್ರ ಬರೆಯುತ್ತಿದ್ದವನು. ಅಳಿದುಳಿದ ಬಣ್ಣದ ಡಬ್ಬಿಗಳನ್ನು ಬೇಡಿ ತಂದು, ಒಂದು ಚಳಿಗಾಲದ ಭಾನುವಾರಗಳಲ್ಲಿ ಈ ಗೋಡೆಯ ಮೇಲೆ ಸುಗ್ಗಿಯ ಚಿತ್ರ ಬರೆದಿದ್ದ. ಒಲೆ ಬಂದದ್ದು ಆಮೇಲೆ.

"ನಾವೆಲ್ಲ ನೋಡಿದ್ವಿ. ಆಮೇಲೆ ದಿನಾ ಒಂಚೂರು ಮಸುಕಾಯ್ತು. ದಿನಾ ಒಂಚೂರು ಮರ್ತ್ವಿ," ಎಂದರು ವಿಲ್ಫ್.

ನೋಲಾ ಏಣಿ ತಂದಳು. ಸಂಜೆಯ ಹೊತ್ತಿಗೆ ಒಂದು ಮೋಡ ಬಂತು, ಗೋಧಿಯ ಹೊರೆ ಬಂತು, ಹೊರೆ ಹೊತ್ತ ಒಂದು ತೋಳು ಬಂತು. ಹೊರೆಯ ಕೆಳಗೆ ಹೊಸ ಉಂಡೆಯೊತ್ತಿ ತೆಗೆದಾಗ ಒಂದು ಹೆಣ್ಣುಮುಖ. ಎಳೆಯ ಹೆಂಗಸು, ಗಾಳಿಗೆ ಕೆದರಿದ ಕೆಂಗೂದಲು, ಬಾಯ್ತುಂಬ ನಗು, ಮುಂದಿನ ಎರಡು ಹಲ್ಲಿನ ನಡುವೆ ಸಂದಿ.

ನೋಲಾ ಅರಿವಿಲ್ಲದೆ ನಾಲಿಗೆಯಿಂದ ತನ್ನ ಹಲ್ಲಿನ ಸಂದಿ ಮುಟ್ಟಿಕೊಂಡಳು.

"ಮಾಮ, ಇವ್ಳು ಯಾರು?"

ವಿಲ್ಫ್ ಏಣಿಯನ್ನು ಹಿಡಿದುಕೊಂಡರು. "ನೀನು ಕೆಳಗಿಳಿ ಮೊದ್ಲು. ಏಣಿ ಮೇಲೆ ನಿಂತಾಗ ಹೇಳೋ ಮಾತಲ್ಲ."

ಅವಳು ಇಳಿದಳು.

"ಐವಿ ಕಣಮ್ಮ. ನಿಮ್ಮಮ್ಮ."

ನೋಲಾಳಿಗೆ ತಾಯಿಯ ಮುಖದ ನೆನಪೇ ಇರಲಿಲ್ಲ. ಇದ್ದ ಒಂದೆರಡು ಪಟಗಳು ಅವಳು ತೀರಾ ಚಿಕ್ಕವಳಿದ್ದಾಗಲೇ ಕಾಳ್ಗಿಚ್ಚಿನಲ್ಲಿ ಚಿಕ್ಕಮ್ಮನ ಮನೆಯ ಜೊತೆ ಸುಟ್ಟುಹೋಗಿದ್ದವು. ಹೇಗಿದ್ದಳೆಂದು ಕೇಳಿದಾಗಲೆಲ್ಲ ಚಿಕ್ಕಮ್ಮ ಕಣ್ಣೊರೆಸಿಕೊಂಡು ಎದ್ದುಹೋಗುತ್ತಿದ್ದಳು. ಕೊನೆಗೆ ಹುಡುಗಿ ಕೇಳುವುದನ್ನೇ ಬಿಟ್ಟಿದ್ದಳು. ಈಗ ಅವಳು ಅಳಲಿಲ್ಲ. ದೇವರ ಮುಂದೆ ನಿಂತವರಂತೆ ಉಸಿರು ಸಣ್ಣದಾಯಿತು. ಇಪ್ಪತ್ನಾಲ್ಕರ ತಾಯಿ, ಐವತ್ನಾಲ್ಕರ ಮಗಳು. ತನ್ನ ಹಿರಿಯ ಮಗಳಿಗಿಂತ ಇವಳೇ ಚಿಕ್ಕವಳು.

ಸುದ್ದಿ ರಾತ್ರಿಯೊಳಗೆ ಊರು ಸುತ್ತಿತು. ಮರುದಿನ ಹೆಂಗಸರು ಹಿಟ್ಟಿನ ಚೀಲ ಹಿಡಿದು ಬಂದರು. ಅಡುಗೆಮನೆಯಲ್ಲಿ ಇಬ್ಬರು ಕಲಸಿ ಬೇಯಿಸುವವರು, ಮೂವರು ನಾದುವವರು. ಕಪ್ಪಾದ ಮುದ್ದೆಗಳು ಬಕೆಟ್ಟುಗಟ್ಟಲೆ ಹೊರಗೆ ಹೋದವು. ಸೋಮವಾರ ಬಂದ ಬಣ್ಣದವನು ಬಾಗಿಲಲ್ಲೇ ನಿಂತ. ಡಬ್ಬಿಯನ್ನು ಗಾಡಿಗೆ ವಾಪಸಿಟ್ಟು ಬಂದು, ತನಗೂ ಒಂದು ಉಂಡೆ ಕೊಡಿ ಎಂದು ಕೇಳಿದ. ಒಂದೊಂದು ಮುಖ ಹೊರಬಂದಾಗಲೂ ಎಲ್ಲರೂ ಗೋಡೆಯ ಹತ್ತಿರ ಬರುತ್ತಿದ್ದರು. ಯಾರೋ ಮೆಲ್ಲಗೆ ಒಂದು ಹೆಸರು ಹೇಳುತ್ತಿದ್ದರು. ವಿಲ್ಫ್ ತಮ್ಮನ್ನೇ ಕಂಡರು: ಕುದುರೆಯ ಲಗಾಮು ಹಿಡಿದ, ತಲೆತುಂಬ ಕೂದಲಿದ್ದ ಮೂವತ್ತರ ಗಂಡು. ಈ ಕೂದಲೆಲ್ಲ ಮಸಿಯೇ ಇರಬೇಕು, ಒರೆಸಿ ನೋಡಿ ಎಂದು ಯಾರೋ ಕಿಚಾಯಿಸಿದರು.

ಒಂಬತ್ತನೆಯ ದಿನ ಗೋಡೆ ಬುಡದವರೆಗೂ ತೆರೆದುಕೊಂಡಿತು. ನೋಲಾ ದೂರ ನಿಂತು ನೋಡಿದಳು. ಚಿತ್ರದಲ್ಲಿ ಎಲ್ಲರೂ ಹೊಲವನ್ನೋ ಆಕಾಶವನ್ನೋ ನೋಡುತ್ತಿದ್ದರು. ಐವಿ ಒಬ್ಬಳ ಕಣ್ಣು ಕೆಳಗೆ, ಗೋಡೆಯಿಂದಾಚೆ, ಭವನದ ನೆಲದ ಕಡೆಗಿತ್ತು. ಅಮ್ಮ ಏನನ್ನು ನೋಡಿ ಅಷ್ಟು ನಗುತ್ತಿದ್ದಾಳೆ ಎಂದು ಅವಳು ವಿಲ್ಫ್ ಅವರನ್ನು ಕೇಳಿದಳು.

"ಅಯ್ಯೋ, ಅವ್ಳು ಒಂದು ಗಳಿಗೆ ನೆಟ್ಟಗೆ ನಿಲ್ತಿರ್ಲಿಲ್ಲ. ಆರ್ಮಾಂಡೋ ಬೈದೂ ಬೈದೂ ಸಾಕಾಗಿ ಹಂಗೇ ಬರ್ದ." ಅವರು ಊರುಗೋಲಿನಿಂದ ಎರಡನೇ ಕಿಟಕಿಯ ಕೆಳಗಿನ ಹಲಗೆನೆಲವನ್ನು ತೋರಿಸಿದರು. "ನೀನು ಅಲ್ಲಿ ಆಡ್ತಿದ್ದೆ. ಎರಡು ವರ್ಷದ ಕೂಸು. ಒಂದು ಬೂಟು ಬಾಯಲ್ಲಿ."

ನೋಲಾ ಕೈಯಲ್ಲಿದ್ದ ಹಿಟ್ಟನ್ನು ಮೇಜಿನ ಮೇಲಿಟ್ಟಳು. ಏಪ್ರನ್ನಿಗೆ ಕೈ ಒರೆಸಿಕೊಂಡು, ಎಲ್ಲರೂ ನೋಡುತ್ತಿದ್ದಂತೆಯೇ ಕಿಟಕಿಯ ಕೆಳಗೆ ಹೋಗಿ ನೆಲದ ಮೇಲೆ ಕೂತು, ತಲೆಯೆತ್ತಿದಳು.